ಅವ್ವನಿಗೆ ತೋರಿಸದ ಫೋಟೋ

ಹೋದ ವಾರ ಕಂಗ್ಟಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಫೋಟೋಕ್ಕೆ ನನಗೇ ಹೇಳಿ ಕಳಿಸಿದರು. ಜಹೀರಾಬಾದಿನಿಂದ ನಾರಾಯಣಖೇಡ ದಾಟಿ ಆ ಕಡೆಯವರೆಗೂ ನಮ್ಮ ಮಂದಿಯಲ್ಲಿ ಯಾರು ತೀರಿಕೊಂಡರೂ ನನಗೆ ಹೇಳಿ ಕಳಿಸುವುದು ರೂಢಿ. ಮದುವೆಗಳಿಗೆ ಈಗ ಡ್ರೋನು ಹಾರಿಸುವವರನ್ನು ಕರೆಯುತ್ತಾರೆ, ಕರೆಯಲಿ. ಸತ್ತವರ ಫೋಟೋ ಡ್ರೋನಿನ ಕೆಲಸವಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಕೊರಳು ಬೀಳಬಾರದೆಂದು ಹಣೆಗೆ ಒಂದು ಬಟ್ಟೆ ಸುತ್ತಿ ಹಿಂದಿನ ಗೂಟಕ್ಕೆ ಕಟ್ಟುತ್ತಾರೆ. ಕೈಯಲ್ಲಿ ಅವರ ಇಷ್ಟಲಿಂಗ. ಎಡಬಲಕ್ಕೆ ಮಕ್ಕಳು, ಸೊಸೆಯಂದಿರು ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಕೆಲಸದಲ್ಲಿ ನನಗೊಂದು ಹೆಸರಿದೆ. ಹೋದೊಡನೆ ನಾನು ಮಾಡುವ ಮೊದಲ ಕೆಲಸ ಸುತ್ತಲಿನ ಸಾಮಾನು ತೆಗೆಸುವುದು. ಕೊಡ, ಚಪ್ಪಲಿ, ಗೋಡೆಯ ಕ್ಯಾಲೆಂಡರು, ಮೂಲೆಯ ಕಸಬರಿಗೆ, ಎಲ್ಲ ಆಚೆ. ಬಟ್ಟೆಯ ಗಂಟು ರುಮಾಲಿನೊಳಗೆ ಮುಚ್ಚುತ್ತೇನೆ. ಸತ್ತವರು, ಅವರ ಮಂದಿ, ಬರಿಯ ಗೋಡೆ, ಇಷ್ಟೇ ಇರಬೇಕು. ಇಪ್ಪತ್ತೈದು ವರ್ಷ ಹೀಗೇ ಮಾಡಿಕೊಂಡು ಬಂದಿದ್ದೇನೆ. ಅದೇ ನನಗೆ ಒಮ್ಮೆ ಮುಳುವಾಯಿತು, ಅದನ್ನೇ ಹೇಳಲು ಹೊರಟಿದ್ದೇನೆ.

ಕಂಗ್ಟಿಗೆ ಹೋಗುವ ದಿನ ಮಳೆ ಹಿಡಿದುಕೊಂಡಿತ್ತು. ದಿನಬಳಕೆಯ ಚೀಲ ಹಿಂದಿನ ದಿನವೇ ನೆಂದು ಒದ್ದೆಯಾಗಿತ್ತು. ಅಟ್ಟದ ಮೇಲಿದ್ದ ಹಳೆಯ ಚೀಲ ಇಳಿಸಿ ಕ್ಯಾಮೆರಾ ಅದರೊಳಗೆ ತುರುಕಿ ಹೋದೆ. ಸತ್ತವರ ಮನೆಯ ಪಡಸಾಲೆಯಲ್ಲಿ ಅದನ್ನು ತೆರೆದಾಗ ಗುಪ್ಪೆಂದು ವಾಸನೆ ಎದ್ದಿತು. ಉಪ್ಪು, ಒದ್ದೆ ಹಾಯಿಬಟ್ಟೆ, ಮೀನು. ಭಜನೆಯವರ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಮೂಗಿಗೆ ಸೆರಗು ಹಿಡಿದು, “ಏನಪಾ ಇದು ವಾಸನಿ?” ಅಂದಳು.

“ಚೀಲ ಹಳೇದದ ಅವ್ವ,” ಅಂದೆ.

ಅದು ಸಮುದ್ರದ ವಾಸನೆ, ಆರು ವರ್ಷದ ಹಿಂದಿನ ಮಳೆಗಾಲದ್ದು. ಆ ಚೀಲದ ಒಳಜೇಬಿನ ಚೈನಿಗೆ ತುಕ್ಕು ಹಿಡಿದಿದೆ. ಅದನ್ನು ನಾನು ತೆರೆಯಲು ಹೋಗುವುದಿಲ್ಲ. ಒಳಗೆ ಏನಿದೆಯೆಂದು ನನಗೆ ಗೊತ್ತು.

ನನ್ನ ತಮ್ಮ ಬಸವರಾಜ, ನಮ್ಮ ಬಾಯಲ್ಲಿ ಬಸು, ಡೀಸೆಲ್ ಇಂಜಿನ್ ರಿಪೇರಿಯವ. ಹೈವೇ ಪಕ್ಕದ ಗ್ಯಾರೇಜಿನಲ್ಲಿ ಕೂತು, ಬರುವ ಲಾರಿಯ ಸದ್ದು ಕೇಳಿಯೇ ಅದಕ್ಕೇನು ರೋಗ ಎಂದು ಹೇಳುತ್ತಿದ್ದ. ಕೊಂಕಣದಿಂದ ಮೀನು ತರುವ ಲಾರಿಯವರು ಅವನ ಕೈಗುಣ ನೋಡಿ, ನಮ್ಮ ಬಂದರಿಗೆ ಬಾ, ದೋಣಿಗಳದೂ ಇದೇ ಇಂಜಿನು ಎಂದು ಕರೆದೊಯ್ದರು. ಎರಡು ವರ್ಷ ಹೋಗಿ ಬಂದು ಮಾಡಿದ. ಅವನಿಗೆ ಆ ಊರು ಹಿಡಿಸಿತ್ತು. ಅವ್ವನಿಗೆ ಹಿಡಿಸಿರಲಿಲ್ಲ, ಆದರೆ ತಡೆಯಲಿಲ್ಲ. ಮೊದಲ ಸಲ ಹೊರಟಾಗ ಒಂದೇ ಮಾತು ಹೇಳಿದಳು.

“ಮೀನದ ನಡುವ ಇರಾಂವ ನೀ. ಲಿಂಗ ಮೈಮ್ಯಾಗ ಬ್ಯಾಡ. ಜಗಲಿ ಮ್ಯಾಗ ಇಟ್ಟು ಹೋಗು. ಬಂದಾಗ ಜಳಕ ಮಾಡಿ ಕಟ್ಟಿಕೊ.”

ಅವನು ಕೊರಳಿನ ಶಿವದಾರ ತೆಗೆದು, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ದೇವರ ಜಗಲಿಯ ಮೇಲಿಟ್ಟು ಹೋದ. ಪ್ರತಿ ಸಲ ಬಂದು ಜಳಕ ಮಾಡಿ ಕಟ್ಟಿಕೊಳ್ಳುತ್ತಿದ್ದ, ಹೋಗುವಾಗ ಬಿಚ್ಚಿಡುತ್ತಿದ್ದ.

ಆ ವರ್ಷ ಮೇ ತಿಂಗಳ ಕೊನೆಗೆ, ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆಳೆಯುವ ಮುಂಚೆ, ಒಂದು ಇಂಜಿನ್ ಬಿಚ್ಚಿ ಜೋಡಿಸಿ ಪರೀಕ್ಷೆ ನೋಡಲು ಬಸು ಕಡಲಿಗೆ ಹೋದ. ಜೊತೆಗೆ ದತ್ತು ಎನ್ನುವ ಮೀನುಗಾರ, ಇನ್ನೊಬ್ಬ ಆಳು. ಗಾಳಿ ಎದ್ದಿತು, ಅಲೆ ಎತ್ತಿ ದೋಣಿಯನ್ನು ಮಗುಚಿತು. ದತ್ತು ಹಲಗೆಯೊಂದನ್ನು ಹಿಡಿದು, ಆ ಆಳು ಈಜಿ ದಡಕ್ಕೆ ಬಂದರು. ಬಸು ಬರಲಿಲ್ಲ.

ನಾನು ಹೋಗಿ ಒಂಬತ್ತು ದಿನ ಆ ದಂಡೆಯ ಉದ್ದಕ್ಕೂ ತಿರುಗಿದೆ. ಪೊಲೀಸರು ಬರೆದುಕೊಂಡರು. ಬಸುವಿನ ಒಂದು ಚಪ್ಪಲಿಯೂ ಸಿಗಲಿಲ್ಲ. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು.

“ನೀ ಕಣ್ಣಾರೆ ಕಂಡಿಯೇನು?”

“ಇಲ್ಲವ್ವ.”

“ಮತ್ತ ಹೆಂಗ ಸತ್ತಾನ ಅಂತಿ?”

ಅವಳ ಲೆಕ್ಕ ಸರಳವಾಗಿತ್ತು. ಬಸು ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವ. ಮಂಜೀರಾ ತುಂಬಿ ಹರಿಯುವಾಗ ಆಚೆ ದಡಕ್ಕೆ ಹೋಗಿ ಬಂದವ. “ಸಂಗಡ ಇದ್ದ ಇಬ್ಬರು ಎದ್ದು ಬಂದಾರ. ನನ್ನ ಮಗನ ಕೈಕಾಲಿಗೇನು ಧಾಡಿ? ಎಲ್ಲೋ ದಡ ಹತ್ಯಾನ. ಬರ್ತಾನ. ಲಿಂಗ ಇಲ್ಲೇ ಬಿಟ್ಟಾನಲ್ಲ, ಅದಕ್ಕರೆ ಬರ್ತಾನ.” ಅಷ್ಟು ಹೇಳಿ ಜಗಲಿಯ ಮೇಲಿನ ಕರಡಿಗೆ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಲಿಂಗ ಬಿಟ್ಟು ಹೋಗು ಎಂದವಳು ತಾನೇ. ಆ ಮಾತು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಹಟ ಎಂದುಕೊಂಡೆ, ಸಿಟ್ಟು ಮಾಡಿದೆ.

ಆ ವರ್ಷ ಮಳೆ ಚೆನ್ನಾಗಿತ್ತು. ಶುಂಠಿ, ತೊಗರಿ, ಕಬ್ಬು ಎಲ್ಲ ಹಸಿರಾಗಿ ಎದ್ದವು. ಕಪ್ಪು ಮಣ್ಣು ಕಾಲಿಗೆ ಅಂಟಿ ಪಡಸಾಲೆಯವರೆಗೂ ಬರುತ್ತಿತ್ತು. ಸುತ್ತಲಿನವರೆಲ್ಲ ಸಂತೋಷದಲ್ಲಿದ್ದರು. ನಮ್ಮ ಮನೆಯಲ್ಲಿ ಮಾತ್ರ ಒಬ್ಬರೂ ಅಳುವಂತಿರಲಿಲ್ಲ. ಅವ್ವ ಅಳಗೊಡಲಿಲ್ಲ. ಬದುಕಿದವನಿಗಾಗಿ ಅತ್ತರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ನಂಬಿಕೆ.

ಇದರ ಭಾರವೆಲ್ಲ ಬಿದ್ದದ್ದು ಬಸುವಿನ ಹೆಂಡತಿ ಶಕುಂತಲಾ ಮೇಲೆ. ತಾಂಡೂರಿನ ಹುಡುಗಿ, ಮದುವೆಯಾಗಿ ನಾಲ್ಕು ವರ್ಷ. ಅವಳ ಅಣ್ಣ ಎರಡು ಸಲ ಕರೆಯಲು ಬಂದ. “ಗಂಡ ಬರೂ ಹೊತ್ತಿಗೆ ಹೆಣ್ತಿ ಮನ್ಯಾಗ ಇರಬೇಕು,” ಎಂದು ಅವ್ವ ಅವನಿಗೆ ಚಹಾ ಕುಡಿಸಿ ಕಳಿಸಿದಳು. ದಿನಾ ಬೆಳಿಗ್ಗೆ ತಾನೇ ಸೊಸೆಯ ಹಣೆಗೆ ಕುಂಕುಮ ಹಚ್ಚುತ್ತಿದ್ದಳು, ತಲೆಗೆ ಹೂವು ಮುಡಿಸುತ್ತಿದ್ದಳು. ಒಂದು ದಿನ ಹಿತ್ತಲ ನೀರಿನ ಟಾಕಿಯ ಹತ್ತಿರ ಶಕುಂತಲಾ ನನ್ನನ್ನು ತಡೆದಳು. ನನ್ನೆದುರು ನಿಂತು ಮಾತಾಡಿದವಳೇ ಅಲ್ಲ ಅವಳು.

“ಭಾವ, ಅವರು ಹೋಗ್ಯಾರ ಅಂತ ನನಗ ಗೊತ್ತದ. ಅತ್ತೀ ನನಗ ಅಳಾಕೂ ಬಿಡವಲ್ಲರು. ಬಾಯಾಗ ಸೆರಗು ತುರುಕ್ಕೊಂಡು ಬಚ್ಚಲದಾಗ ಅಳ್ತೀನಿ. ಹಿಂಗ ಎಷ್ಟು ದಿನರಿ? ಏನಾರ ಮಾಡ್ರಿ.”

ಮಠದ ಅಯ್ಯನೋರನ್ನು ಕರೆಸಿದೆ. ಅವರು ಯೋಚಿಸಿ ಹೇಳಿದರು: ದೇಹ ಸಿಗದಿದ್ದರೆ ಅವನ ಲಿಂಗವನ್ನೇ ಸಮಾಧಿಯಲ್ಲಿ ಕೂಡಿಸಿ ವಿಭೂತಿ ಮುಚ್ಚಿ ಮಣ್ಣು ಕೊಡಬಹುದು, ಅಲ್ಲಿಗೆ ಮುಗಿಯಿತು. ಅವ್ವ ಕೈಯಿಂದ ಸೊಂಟ ಮುಚ್ಚಿಕೊಂಡಳು.

“ಎಂಥಾ ನೀರರಿ ಅದು? ನನ್ನ ಮಗನ್ನ ನುಂಗಾಕ ಎಷ್ಟು ಎತ್ತರ ಏಳ್ತದ?” ಎಂದು ಅಯ್ಯನೋರನ್ನು ಕೇಳಿದಳು. ಅವರೂ ಸಮುದ್ರ ಕಂಡವರಲ್ಲ. ನಾನು ಮೊಬೈಲಿನಲ್ಲಿ ಅಲೆಗಳ ವಿಡಿಯೋ ಹುಡುಕಿ ತೋರಿಸಿದೆ. ಒಂದು ಗಳಿಗೆ ನೋಡಿ ತಿರುಗಿ ಕೊಟ್ಟಳು.

“ಇದರಾಗ ಮನಿಷಾರು ಆಕಾಶದಾಗೂ ಹಾರ್ತಾರ. ಇದು ಬ್ಯಾಡ. ರೇವಣಾ, ಊರ ಮಂದೀದೆಲ್ಲ ಕಡೀ ಫೋಟೋ ನೀನ ತಗೀತಿ. ನಿನ್ನ ತಮ್ಮಂದು ತಗಿಯಾಕ ಆಗಲಿಲ್ಲ. ಆ ನೀರಿಂದರೆ ಒಂದು ತಗೊಂಡು ಬಾ. ನಿನ್ನ ಕೈಲೆ ತಗದದ್ದು. ಅಂವ ಸತ್ತಿರಬೇಕು ಅಂತ ನನ್ನ ಕಣ್ಣಿಗೆ ಕಂಡ್ರ, ಲಿಂಗ ನಾನ ಕೊಡ್ತೀನಿ.”

ಅಯ್ಯನೋರ ಮುಂದೆ ಆಡಿದ ಮಾತು. ಅವಳು ತಪ್ಪುವವಳಲ್ಲ.

ಜುಲೈದಲ್ಲಿ ಆ ಬಂದರಿಗೆ ಹೋದೆ. ಮಳೆಗಾಲದ ಎರಡು ತಿಂಗಳು ಇಂಜಿನ್ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಸರಕಾರದ ನಿಷೇಧ. ಎಲ್ಲವನ್ನೂ ದಡಕ್ಕೆಳೆದು ತೆಂಗಿನ ಗರಿ ಹೊದಿಸಿದ್ದರು. ದೊಡ್ಡ ಅಲೆ ಏಳುವುದು ಮಾತ್ರ ಆ ಎರಡು ತಿಂಗಳಲ್ಲೇ. ಇಂಜಿನ್ ಇಲ್ಲದ ಸಣ್ಣ ಹಾಯಿದೋಣಿಗೆ ನಿಷೇಧವಿಲ್ಲ, ಆದರೆ ಅದನ್ನು ಆ ನೀರಿಗೆ ಇಳಿಸುವ ಎದೆ ಯಾರಿಗಿದೆ? ಊರವರು ಪಾಂಡು ಕಾಕಾನ ಮನೆ ತೋರಿಸಿದರು. ಅರವತ್ತೈದರ ಮುದುಕ, ಬದುಕಿ ಬಂದ ದತ್ತುವಿನ ಸೋದರಮಾವ. ನನ್ನ ಹರಕುಮುರುಕು ಮರಾಠಿಯಲ್ಲಿ ಎಲ್ಲ ಹೇಳಿದೆ. ಗಡಿಯ ಊರಿನವರಿಗೆ ನಾಲ್ಕು ಭಾಷೆ ಅಷ್ಟಿಷ್ಟು ಬರುತ್ತವೆ. ಅವರ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

ಕಾಕಾ ಎಲ್ಲ ಕೇಳಿ, “ಬಸು ನನ್ನ ಮನ್ಯಾಗ ಉಂಡಾಂವ. ಅವನ ತಾಯಿ ಕೇಳ್ಯಾಳ ಅಂದ್ರ ಇಲ್ಲ ಅನ್ನಾಕ ಆಗಂಗಿಲ್ಲ,” ಅಂದ. “ಖಾಡಿ ಬಾಯಿತನಕ ಒಯ್ತೀನಿ. ಅದರ ಆಚೀಗಿ ಅಲ್ಲ.”

ಖಾಡಿಯ ಬಾಯಿ ಎಂದರೆ ಹೊಳೆಯ ಹಿನ್ನೀರು ಕಡಲಿಗೆ ಕೂಡುವ ಜಾಗ. ಅಲೆಗಳು ಅಲ್ಲೇ ಎದ್ದು ನಿಲ್ಲುತ್ತವೆ. ದೋಣಿ ನಮ್ಮ ಎತ್ತಿನ ಬಂಡಿಗಿಂತ ಸ್ವಲ್ಪ ಉದ್ದ. ಮಧ್ಯೆ ಒಂದು ಕಂಬ, ಅದಕ್ಕೆ ತೇಪೆ ಹಾಕಿದ ಹಾಯಿ, ಕಂಬದ ತುದಿಗೆ ದೇವರ ಹೆಸರಿನ ಒಂದು ಕೆಂಪು ಬಟ್ಟೆ. ಮೊದಲ ದಿನ ಆ ಜಾಗ ಮುಟ್ಟುವ ಮೊದಲೇ ನಾನು ಬೆಳಗಿನ ಅವಲಕ್ಕಿಯನ್ನೆಲ್ಲ ವಾಂತಿ ಮಾಡಿಕೊಂಡೆ. ಆಮೇಲೆ ಕಾರಿದ್ದು ಬರೀ ಪಿತ್ತ. ಕಾಕಾ ನನ್ನನ್ನು ಸೊಂಟಕ್ಕೆ ಹಗ್ಗ ಹಾಕಿ ಕಂಬಕ್ಕೆ ಕಟ್ಟಿದ. ಹಣೆಗೆ ಬಟ್ಟೆ ಕಟ್ಟಿ ಕೂಡಿಸುವ ನಮ್ಮ ಸತ್ತವರು ನೆನಪಾದರು.

ಅಲೆ ಬರುವುದನ್ನು ಹೇಗೆ ಹೇಳಲಿ? ಅದು ಓಡಿ ಬರುವುದಿಲ್ಲ. ಎದುರಿಗಿನ ನೀರು ನಿಧಾನಕ್ಕೆ ಎತ್ತರವಾಗುತ್ತ ಹೋಗುತ್ತದೆ, ಆಕಾಶ ಕಡಿಮೆಯಾಗುತ್ತ ಬರುತ್ತದೆ. ಆಮೇಲೆ ದೋಣಿ ಅದರ ಮೈಹತ್ತಿ ಮೇಲೆ ಹೋಗುತ್ತದೆ, ಹೊಟ್ಟೆ ಕೆಳಗೇ ಉಳಿಯುತ್ತದೆ. ಮೇಲಿನಿಂದ ಒಂದು ಗಳಿಗೆ ಊರು ಕಾಣುತ್ತದೆ, ತೆಂಗು, ದೇವಸ್ಥಾನ. ಮತ್ತೆ ಕೆಳಗಿಳಿದರೆ ನಾಲ್ಕೂ ಕಡೆ ಬೂದು ನೀರು ಬಿಟ್ಟು ಏನೂ ಇಲ್ಲ. ಆ ತಗ್ಗಿನಲ್ಲಿ ಗಾಳಿಯ ಸದ್ದು ಕೂಡ ನಿಲ್ಲುತ್ತದೆ. ಅಲ್ಲಿ ಕೂತಾಗ ಬಸು ಸತ್ತದ್ದು ನನಗೆ ಪೂರ್ತಿ ಖಾತ್ರಿಯಾಯಿತು. ಅಲ್ಲಿಯವರೆಗೆ ನನಗೂ ಎಲ್ಲೋ ಒಂದೆಳೆ ಆಸೆ ಇತ್ತೆಂದು ಅದು ಹರಿದಾಗಲೇ ತಿಳಿಯಿತು.

ಐದು ದಿನ ಹೋದೆವು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತಾರಲ್ಲ, ಹಾಗಾಗಿತ್ತು ನನ್ನ ಸ್ಥಿತಿ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿ ಸಿಕ್ಕ ಅಲೆಗಳನ್ನೆಲ್ಲ ತೆಗೆದೆ. ಆದರೆ ಕೈ ಹಳೆಯ ಕೈ. ಚೌಕಟ್ಟಿನಲ್ಲಿ ದೋಣಿಯ ಅಂಚು ಬಂದರೆ ಬೇಡ, ಹಾಯಿ ಬಂದರೆ ಬೇಡ, ಕಾಕಾನ ಮೊಳಕೈ ಬಂದರೆ ಬೇಡ. ಬಂದದ್ದನ್ನೆಲ್ಲ ಅಲ್ಲೇ ಕೂತು ಅಳಿಸಿದೆ. ದಿಗಂತ ಓರೆಯಾಗಿದ್ದರೆ ಅದೂ ಹೋಯಿತು. ಕಾಕಾನಿಗೆ ಎರಡು ಸಲ, ಜರಾ ಬಗ್ಗು ಎಂದು ಹೇಳಿದೆ.

“ನನ್ನ ಮೋತಿ ಅಷ್ಟು ಕೆಟ್ಟದ ಏನ್ರಿ?” ಎಂದು ನಕ್ಕ, ಆದರೂ ಬಗ್ಗಿದ.

ಊರಿಗೆ ಬಂದು ನಾಲ್ಕು ಫೋಟೋ ಆರಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಶುದ್ಧವಾದ ಫೋಟೋಗಳು. ನೀರು, ಮೇಲೆ ಆಕಾಶ, ಬೇರೇನೂ ಇಲ್ಲ. ಅವ್ವ ಅಂಗಳದ ಬೆಳಕಿನಲ್ಲಿ ಕೂತು, ಕಣ್ಣಿನ ಚಾಳೀಸು ಒರೆಸಿಕೊಂಡು, ಒಂದೊಂದನ್ನೂ ನೋಡಿದಳು. ಅವಳ ಮುಖ ಸಡಿಲವಾಗುತ್ತ ಬಂತು. ಕೊನೆಯದನ್ನು ಕೆಳಗಿಟ್ಟು ನನ್ನನ್ನು ನೋಡಿ, ಎರಡು ತಿಂಗಳಲ್ಲಿ ಮೊದಲ ಸಲ ಚೂರು ನಕ್ಕಳು.

“ಇಷ್ಟ ಏನೋ? ಗಾಳಿ ಬಿಟ್ಟಾಗ ನಮ್ಮ ಹೊಲದಾಗಿನ ಜ್ವಾಳ ಹಿಂಗ ಆಡ್ತದ. ಇದರಾಗ ಬಸು ಮುಳುಗ್ಯಾನ ಅಂದ್ರ ಯಾರು ನಂಬಬೇಕು?”

ನಾನು ಫೋಟೋ ಕೈಗೆತ್ತಿಕೊಂಡು ನೋಡಿದೆ. ಅವಳು ಹೇಳಿದ್ದು ಖರೆ. ನನ್ನನ್ನು ಕಂಬಕ್ಕೆ ಕಟ್ಟಿ ಮೇಲೆ ಕೆಳಗೆ ಎತ್ತಿ ಒಗೆದ ನೀರು ಅಲ್ಲಿರಲಿಲ್ಲ. ಗಾಳಿ ಬೀಸಿದ ಕೆರೆಯಷ್ಟೇ ಇತ್ತು. ಮರುದಿನ ಅವ್ವ ಶಕುಂತಲಾಳಿಂದ ಬಸುವಿನ ಅಂಗಿಗಳನ್ನೆಲ್ಲ ಒಗೆಸಿ ಇಸ್ತ್ರಿ ಹಾಕಿಸಿದಳು. ಶಕುಂತಲಾ ಅಂಗಿಗಳನ್ನು ಮಡಚಿ ಟ್ರಂಕಿನಲ್ಲಿಟ್ಟು ನನ್ನತ್ತ ನೋಡಿದಳು. ಅವಳಿಗೆ ಬಾಗಿಲು ತೆರೆಯಲು ಹೋಗಿ ನಾನೇ ಹೊರಗಿನಿಂದ ಚಿಲಕ ಹಾಕಿದ ಹಾಗಾಗಿತ್ತು.

ಹದಿನೈದು ದಿನಕ್ಕೆ ಮತ್ತೆ ಕಾಕಾನ ಮನೆಗೆ ಹೋದೆ. ಫೋಟೋಗಳನ್ನು ಅವನ ಮುಂದೆ ಹರಡಿದೆ. ಅವನು ತಿರುಗಿಸಿ ಮುರುಗಿಸಿ ನೋಡಿದ.

“ಬರೇ ನೀರು ತಗದೀರಿ. ಅದು ಎಷ್ಟದ ಅಂತ ಹೆಂಗ ಗೊತ್ತಾಗಬೇಕು ಆ ಮುದುಕಿಗಿ? ಅದರಾಗ ಒಬ್ಬ ಮನಿಷಾ ಇರಬೇಕು.”

ಅಷ್ಟು ವರ್ಷ ಕಲಿತ ಕೆಲಸವನ್ನು ಅವನು ಎರಡು ಮಾತಿನಲ್ಲಿ ಮುಗಿಸಿದ. ನಾನು ಬೇಡವೆಂದು ಆಚೆ ತೆಗೆಸುತ್ತ ಬಂದದ್ದರಲ್ಲೇ ಅಳತೆ ಇತ್ತು. ಅಳಿಸಿ ಹಾಕಿದ ಫೋಟೋಗಳು ನೆನಪಾದವು, ಕಾಕಾನ ಮೊಳಕೈಯ ಹಿಂದೆ ಎದ್ದು ನಿಂತ ಆ ಓರೆ ಅಲೆಗಳು. ಮಾಡಿದ್ದುಣ್ಣೋ ಮಹಾರಾಯ ಎಂದು ನನ್ನನ್ನೇ ಬೈದುಕೊಂಡೆ.

ದತ್ತು ಬಾಗಿಲಿಗೆ ಒರಗಿ ನಿಂತಿದ್ದ. ಮೂವತ್ತು ದಾಟಿದ ಗಟ್ಟಿ ಆಳು. ಆ ದಿನದಿಂದ ನೀರಿಗೆ ಇಳಿದಿರಲಿಲ್ಲ ಎಂದು ಕಾಕಾ ಹೇಳಿದ್ದ. ಮುಂಚೆ ಎರಡು ಸಲ ನಾನು ಬಂದಾಗಲೂ ಅವನು ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಈಗ ಅಂದ, “ಇನ್ನೊಂದು ದೋಣಿ ತಗೊಂಡು ನಾ ಮುಂದ ಹೋಗ್ತೀನಿ. ನನ್ನ ಫೋಟೋ ತಗೀರಿ.”

“ಹುಚ್ಚ ಏನಲೇ?” ಅಂದ ಕಾಕಾ.

“ಹಲಗಿ ಒಂದೇ ಇತ್ತು ಮಾಮಾ. ನಾ ಹಿಡಕೊಂಡೆ. ಬಸೂಭಾವೂಗ ಸಿಗಲಿಲ್ಲ. ಅವನ ತಾಯಿಗಿ ಇಷ್ಟರೆ ಮಾಡ್ತೀನಿ.”

ಬೇಡ ಎಂದು ನಾನು ಹೇಳಬೇಕಿತ್ತು. ನನ್ನ ತಮ್ಮನನ್ನು ನುಂಗಿದ ನೀರಿಗೆ ಇನ್ನೊಬ್ಬರ ಮಗನನ್ನು ಫೋಟೋಕ್ಕಾಗಿ ಕಳಿಸುವುದು ಯಾವ ನ್ಯಾಯ? ನಾನು ಬೇಡ ಅನ್ನಲಿಲ್ಲ. ನನಗೆ ಆ ಫೋಟೋ ಬೇಕಿತ್ತು.

ಎರಡು ದಿನ ಮಳೆ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎರಡೂ ದೋಣಿ ಹೊರಟವು. ದತ್ತು ಮುಂದೆ, ಒಬ್ಬನೇ. ಕಾಕಾ ಮತ್ತು ನಾನು ಹಿಂದೆ. ಖಾಡಿಯ ಬಾಯಿಯಲ್ಲಿ ಹಿಂದೆಂದೂ ಕಾಣದಂಥ ಅಲೆಗಳಿದ್ದವು. ಕಾಕಾ ತಿರುಗಿ ಬಾ ಎಂದು ಕೂಗಿದ, ಗಾಳಿಗೆ ಅದು ಮುಟ್ಟಲಿಲ್ಲ. ನಾನು ಕ್ಯಾಮೆರಾ ಎತ್ತಿದೆ. ದತ್ತು ದೋಣಿಯಲ್ಲಿ ನಿಂತು ಹಾಯಿಯ ಹಗ್ಗ ಹಿಡಿದಿದ್ದ. ಅದು ಮೊದಲ ಫೋಟೋ. ಅವನ ಮತ್ತು ನಮ್ಮ ನಡುವೆ ನೀರು ಎದ್ದಿತು. ಮೊದಲು ದೋಣಿ ಹೋಯಿತು, ಆಮೇಲೆ ದತ್ತು ಹೋದ, ಹಾಯಿ ಹೋಯಿತು. ಅವನ ಕಂಬದ ತುದಿಯ ಕೆಂಪು ಬಟ್ಟೆ ಒಂದೇ ಅಲೆಯ ನೆತ್ತಿಯ ಮೇಲೆ ಉಳಿಯಿತು. ಅದು ಎರಡನೆಯದು. ಆಮೇಲೆ ಅದೂ ಕಾಣಲಿಲ್ಲ.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಕಾಕಾ ದೇವರ ಹೆಸರು ಕೂಗುತ್ತಿದ್ದ. ನನಗೆ ದತ್ತು ನೆನಪಾಗಲಿಲ್ಲ, ಬಸುವೂ ನೆನಪಾಗಲಿಲ್ಲ. ಸಿಕ್ಕಿತು, ಎಂದುಕೊಂಡೆ. ಫೋಟೋ ಸಿಕ್ಕಿತು ಎಂದು ಸಂತೋಷಪಟ್ಟೆ. ನಾಚಿಕೆಯ ಮಾತು, ಆದರೆ ಅಷ್ಟೇ ಇತ್ತು ಒಳಗೆ.

ಆಮೇಲೆ ಅಲೆ ನಮ್ಮನ್ನೂ ಎತ್ತಿ ಇಳಿಸಿತು. ಇಳಿದಾಗ ದತ್ತು ಇದ್ದ. ಮೊಣಕಾಲ ಮಟ್ಟ ನೀರು ತುಂಬಿದ ದೋಣಿಯಲ್ಲಿ ನಿಂತು ನಮ್ಮ ಕಡೆ ಒಂದು ಕೈ ಎತ್ತಿದ. ಬೆರಳು ತಾನಾಗಿ ಒತ್ತಿತು. ಅದು ಮೂರನೆಯ ಫೋಟೋ.

ಮೂರನ್ನೂ ಪ್ರಿಂಟ್ ಹಾಕಿಸಿದೆ. ಮೂರನ್ನೂ ತೋರಿಸಬೇಕೆಂದೇ ಮನೆಗೆ ಹೋದೆ. ಇದನ್ನು ನೀವು ನಂಬಬೇಕು. ಶ್ರಾವಣದ ಸೋಮವಾರ, ಅವ್ವ ಪೂಜೆ ಮುಗಿಸಿ ಅಂಗಳಕ್ಕೆ ಬಂದು ಕೂತಿದ್ದಳು. ಶಕುಂತಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ತಲೆಯಲ್ಲಿ ಮಲ್ಲಿಗೆ. ಮೊದಲ ಫೋಟೋ ಕೊಟ್ಟೆ.

“ಯಾರು ಇಂವ?”

“ಅಲ್ಲಿಯಾಂವ ಒಬ್ಬ.”

“ನಮ್ಮ ಬಸೂನಷ್ಟ ಇದ್ದಾನ,” ಅಂದಳು. ಎರಡನೆಯದು ಕೊಟ್ಟೆ. ಬಹಳ ಹೊತ್ತು ಅದನ್ನು ಹಿಡಿದು ಕೂತಳು. ಮೊದಲನೆಯದನ್ನು ಪಕ್ಕಕ್ಕಿಟ್ಟು ತಾಳೆ ನೋಡಿದಳು. ಆಮೇಲೆ ಎರಡನೆಯದರ ಕೆಳಗಿನ ಅಂಚಿಗೆ ಬೆರಳಿಟ್ಟು, ನೀರಿನ ಮೈಮೇಲೆ ಎಳೆಯುತ್ತ ಎಳೆಯುತ್ತ ಆ ಕೆಂಪು ಬಟ್ಟೆಯವರೆಗೆ ತಂದಳು. ಬೆರಳು ಅಲ್ಲಿ ನಿಂತಿತು.

“ದ್ವಾಣಿ ಎಲ್ಲಿ?”

“ನೀರಿನ ಹಿಂದ ಅದ ಅವ್ವ.”

“ಮನಿಷಾ?”

“ಅಂವನೂ ಅಲ್ಲೇ.”

ಅವ್ವ ಚಾಳೀಸು ತೆಗೆದಳು. ಕಣ್ಣಿನಲ್ಲಿ ನೀರಿರಲಿಲ್ಲ. “ಎದ್ದನೇನು ಮತ್ತ?” ಎಂದು ಕೇಳಿದಳು.

ನನ್ನ ಕೈ ಚೀಲದ ಒಳಜೇಬಿನಲ್ಲಿತ್ತು, ಮೂರನೆಯ ಫೋಟೋದ ಮೇಲೆ. ಅದನ್ನು ಹೊರತೆಗೆದರೆ ಅವಳೇನು ಹೇಳುತ್ತಾಳೆಂದು ಗೊತ್ತಿತ್ತು. ಇಂವ ಎದ್ದಾನ, ನನ್ನ ಮಗ ಯಾಕ ಏಳಬಾರದು? ಮತ್ತೆ ಅಂಗಿ ಒಗೆಯುವುದು, ಮತ್ತೆ ಕುಂಕುಮ, ಮತ್ತೆ ಹೂವು. ಅಡುಗೆಮನೆಯ ಬಾಗಿಲಲ್ಲಿ ಶಕುಂತಲಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

“ಇಲ್ಲವ್ವ,” ಅಂದೆ. “ಏಳಲಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವ ಎರಡೂ ಫೋಟೋಗಳನ್ನು ಒಂದರ ಮೇಲೊಂದು ಇಟ್ಟಳು. ಸೊಂಟದಿಂದ ಕರಡಿಗೆ ತೆಗೆದು ಅದರ ಮೇಲಿಟ್ಟಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

“ಬಾ ತಂಗಿ. ಅಳು ಬಾ,” ಅಂದಳು.

ಶಕುಂತಲಾ ಓಡಿ ಬಂದು ಅವಳ ತೊಡೆಯ ಮೇಲೆ ಬಿದ್ದಳು. ಎರಡೂವರೆ ತಿಂಗಳ ಅಳು. ಓಣಿಯ ಹೆಂಗಸರು ಬಂದು ಕೂಡಿದರು. ಅವ್ವ ಸೊಸೆಯ ತಲೆಯ ಹೂವು ತಾನೇ ಬಿಡಿಸಿ ಪಕ್ಕಕ್ಕಿಟ್ಟು, ಬೆನ್ನು ಸವರುತ್ತ, “ನಾ ಲಿಂಗ ಬಿಡು ಅಂದೆ. ನನ್ನ ಮಗನ್ನ ಬರೇ ಮೈಲೆ ಕಳಿಸಿದೆ,” ಎಂದು ತಾನೂ ಅತ್ತಳು. ನಾನು ಅಟ್ಟದ ಏಣಿಯ ಕೆಳಗೆ ನಿಂತು ಅತ್ತೆ.

ಮೊಗುಡಂಪಲ್ಲಿ ದಾರಿಯಲ್ಲಿರುವ ನಮ್ಮ ಹೊಲದ ಬದುವಿನಲ್ಲಿ ಸಮಾಧಿ ತೋಡಿದೆವು. ಕೂತ ಮನುಷ್ಯ ಹಿಡಿಸುವಷ್ಟೇ ತೋಡಿಸಿದರು ಅಯ್ಯನೋರು, ಅಳತೆ ತಪ್ಪಬಾರದೆಂದು. ಅದರ ಗೂಡಿನಲ್ಲಿ ಲಿಂಗವನ್ನಿಟ್ಟು, ಪತ್ರಿ ಏರಿಸಿ, ವಿಭೂತಿ ಮುಚ್ಚಿ ಮಣ್ಣು ಹಾಕಿದೆವು. ಆ ದಿನ ಯಾರೂ ನನಗೆ ಫೋಟೋ ತೆಗೆ ಅನ್ನಲಿಲ್ಲ. ಶಕುಂತಲಾ ತಾಂಡೂರಿಗೆ ಹೋದಳು. ಈಗ ಅಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ದೀಪಾವಳಿಗೆ ಬಂದು ಅವ್ವನ ಹತ್ತಿರ ನಾಲ್ಕು ದಿನ ಇದ್ದು ಹೋಗುತ್ತಾಳೆ. ಅವಳ ಮುಖದಲ್ಲಿ ಈಗ ಗೆಲುವಿದೆ. ಆ ಒಂದು ಸುಳ್ಳಿನಿಂದ ಒಳ್ಳೆಯದಾಯಿತು ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ.

ಆದರೆ ಒಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಮಾಧಿಯ ಮರುದಿನ ಸಂಜೆ ಅವ್ವ ಜಗಲಿಯ ಕೆಳಗೆ ಎರಡು ಹಣತೆ ಇಟ್ಟಳು. ಒಂದು ಬಸುವಿಗೆ. ಇನ್ನೊಂದು ಯಾರಿಗೆ ಎಂದು ಕೇಳಿದೆ.

“ಆ ಫೋಟೋದಾಗಿನ ಹುಡುಗಗ,” ಅಂದಳು. “ಪಾಪ, ಅವನ ಅವ್ವ ಎಲ್ಲಿ ಬಾಗಿಲ ಕಾಯ್ಕೋತ ಕುಂತಾಳೋ. ಆಕಿಗಿ ಯಾರು ಫೋಟೋ ತೋರಿಸ್ಯಾರು?”

ಆರು ವರ್ಷದಿಂದ ಒಂದು ಸಂಜೆಯೂ ಅದು ತಪ್ಪಿಲ್ಲ.

ಕಂಗ್ಟಿಯಿಂದ ಬಂದ ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಕೂತು, ಈ ಚೀಲವನ್ನು ಒರೆಸಿ ಇಡಬೇಕೋ ಎಸೆಯಬೇಕೋ ಎಂದು ನೋಡುತ್ತಿದ್ದೆ. ಫೋನು ಬಂತು. ದತ್ತು. ಅವರ ಕಡಲ ಹಬ್ಬ ನಾರಳಿ ಹುಣ್ಣಿಮೆಗೆ ವರ್ಷಕ್ಕೊಮ್ಮೆ ಫೋನು ಮಾಡುತ್ತಾನೆ, ಇದು ಆ ದಿನವಲ್ಲ.

“ಭಾವೂ, ಲಾರಿ ಜೋಡಿ ಹೈದರಾಬಾದಿಗಿ ಹೊಂಟೀನಿ. ನಿಮ್ಮ ಊರು ಇನ್ನ ಅರ್ಧ ತಾಸು ಅದ ಅಂತಾನ ಡ್ರೈವರ್. ಒಂದು ಗಳಿಗಿ ಇಳೀತೀನಿ. ಬಸೂಭಾವೂನ ಆಯೀ ಕಾಲಿಗಿ ಬೀಳಬೇಕು ಅಂತ ಆರು ವರ್ಷದಿಂದ ಅನ್ಕೊಳ್ಳಾಕ ಹತ್ತೀನಿ.”

ಅಂಗಡಿಯಿಂದ ನಮ್ಮ ಮನೆಗೆ ನಡೆದರೆ ಐದು ನಿಮಿಷ. ಅವ್ವ ಆ ಹೊತ್ತಿನಲ್ಲಿ ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿರುತ್ತಾಳೆ. ಕಣ್ಣು ಮಂಜಾಗಿದೆ, ಆದರೆ ಆ ಮುಖ ಮರೆಯುವವಳಲ್ಲ. ಅವನು ಬಾಗಿಲಲ್ಲಿ ನಿಂತರೆ ಅವಳು ಮೊದಲು ಅವನನ್ನು ನೋಡುತ್ತಾಳೆ. ಆಮೇಲೆ ನನ್ನನ್ನು. ಆಮೇಲೆ ಹೊಲದ ಬದುವಿನ ಕಡೆ.

“ದತ್ತು, ನಾವು ಊರಾಗಿಲ್ಲ,” ಅಂದೆ. “ಎಲ್ಲಾರೂ ತಾಂಡೂರಿಗಿ ಬಂದೀವಿ. ಅವ್ವನೂ.”

“ನಸೀಬ ಇಲ್ಲ ಬಿಡ್ರಿ,” ಅಂದ. “ಆಯೀಗಿ ನನ್ನ ನಮಸ್ಕಾರ ಹೇಳ್ರಿ. ಹೇಳ್ತೀರಲ್ಲ?”

“ಹೇಳ್ತೀನಿ.”

ಶಟರು ಅರ್ಧ ಎಳೆದು ಒಳಗೆ ಕೂತೆ. ಹೈವೇಯಲ್ಲಿ ಲಾರಿಗಳು ಹೋಗುತ್ತಿದ್ದವು. ಯಾವುದರಲ್ಲಿ ಅವನಿದ್ದನೋ ನೋಡಲಿಲ್ಲ. ಸಂಜೆ ಮನೆಗೆ ಹೋದೆ. ಅವ್ವ ಜಗಲಿಯ ಮುಂದೆ ಕೂತು, ಬಸುವಿನ ಹಣತೆ ಹಚ್ಚಿ, ಎರಡನೆಯದಕ್ಕೆ ಕೈ ತಡವರಿಸುತ್ತಿದ್ದಳು. ನನ್ನ ಸದ್ದು ಕೇಳಿ ಕಡ್ಡಿಪೆಟ್ಟಿಗೆ ನನ್ನತ್ತ ಚಾಚಿದಳು.

“ನನಗ ಬತ್ತಿ ಕಾಣವಲ್ದು ರೇವಣಾ. ಆ ಹುಡುಗಂದು ಇವತ್ತ ನೀ ಹಚ್ಚು.”

ಕಡ್ಡಿ ಗೀರಿ ಹಚ್ಚಿದೆ.